ತಿನಿಸಿನ ಪಟ್ಟಿಯ ಓದು

ವಿದ್ಯಾರ್ಥಿಗಳೇ, ಹತ್ತನೆಯ ಇಯತ್ತೆ ಮುಗಿದ ಮೇಲೆ ನಿಮ್ಮಲ್ಲಿ ಹಲವರು ಲಾತೂರಿಗೋ ಸೊಲ್ಲಾಪುರಕ್ಕೋ, ಅಲ್ಲಿಂದ ಮುಂದೆ ಪುಣೆ, ಮುಂಬಯಿ, ಹೈದರಾಬಾದುಗಳಿಗೋ ಹೋಗುವವರು. ಅರ್ಜಿ ಬರೆಯುವುದನ್ನು, ಪ್ರವೇಶಪತ್ರ ತುಂಬುವುದನ್ನು ನಾವು ಶಾಲೆಯಲ್ಲಿ ಕಲಿಸುತ್ತೇವೆ. ಆದರೆ ಪಟ್ಟಣದ ಊಟದ ಮನೆಯಲ್ಲಿ ಕುಳಿತೊಡನೆ ಕೈಗೆ ಕೊಡುವ ಮೆನು ಕಾರ್ಡನ್ನು ಓದುವುದು ಹೇಗೆಂದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಚೀನೀ, ಇಟಾಲಿಯನ್, ಥಾಯ್, ಅರಬಿ ಎಂದು ನಾನಾ ದೇಶಗಳ ಅಡಿಗೆ ಮಾಡುವ ರೆಸ್ಟೋರೆಂಟುಗಳು ಈಗ ಪಟ್ಟಣದ ಬೀದಿಬೀದಿಗಳಲ್ಲಿವೆ. ಅವುಗಳ ಪಟ್ಟಿಯನ್ನೇ ಈ ವರ್ಷದ ಸಂಚಿಕೆಗಾಗಿ ಒಂದು ಭಾಷಾಪಾಠವನ್ನಾಗಿ ಆರಿಸಿಕೊಂಡಿದ್ದೇನೆ.

ಮೊದಲು ಆ ಮನೆಯ ಹೆಸರನ್ನೇ ನೋಡೋಣ. ‘ರೆಸ್ಟೋರೆಂಟ್’ ಫ್ರೆಂಚ್ ಶಬ್ದ. ದಣಿದ ಮೈಗೆ ಮತ್ತೆ ಕಸುವು ತರುವ ಸಾರಿಗೆ ಫ್ರಾನ್ಸಿನಲ್ಲಿ ಆ ಹೆಸರಿತ್ತು. ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸಿನಲ್ಲಿ ಆ ಸಾರನ್ನು ಮಾರುತ್ತಿದ್ದ ಅಂಗಡಿಗೂ ಅದೇ ಹೆಸರು ನಿಂತಿತು. ನಮ್ಮ ಭಾಗದಲ್ಲಿ ಇದಕ್ಕೆ ‘ಖಾನಾವಳಿ’ ಎಂಬ ಶಬ್ದವುಂಟು. ಕನ್ನಡಿಗರೂ ಮರಾಠಿಗರೂ ಅದನ್ನು ಸಮನಾಗಿ ಬಳಸುತ್ತಾರೆ. ಊಟಕ್ಕೆ ‘ಖಾನಾ’ ಎನ್ನುವುದು ಸಂಸ್ಕೃತದ ‘ಖಾದ್’ ಧಾತುವಿನಿಂದ ಹಿಂದುಸ್ತಾನಿಯ ಹಾದಿಯಲ್ಲಿ ಬಂದದ್ದು. ಹೊಟ್ಟೆಯ ವಿಷಯದಲ್ಲಿ ಭಾಷೆಗಳು ಎಂದೂ ಗಡಿ ಕಾಯುತ್ತ ನಿಂತಿಲ್ಲ.

ಪರದೇಶದ ಊಟದ ಮನೆ ನಮ್ಮ ಸೀಮೆಗೆ ತೀರ ಹೊಸದೂ ಅಲ್ಲ. ೧೯೪೮ರವರೆಗೆ ಉಮರ್ಗಾ, ನಿಲಂಗಾ, ಉದಗೀರಗಳು ನಿಜಾಮರ ಸಂಸ್ಥಾನದಲ್ಲಿದ್ದವು. ನಿಲಂಗಾ ಮತ್ತು ಉದಗೀರ ತಾಲೂಕುಗಳಂತೂ ೧೯೫೬ರ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯವೇ. ಆಗಿನ ನಮ್ಮ ಹಿರಿಯರಿಗೆ ದೊಡ್ಡ ಪಟ್ಟಣವೆಂದರೆ ಹೈದರಾಬಾದು. ಕೋರ್ಟು ಕಚೇರಿಯ ಕೆಲಸಕ್ಕೆ ಹೋದವರು ಅಲ್ಲಿ ಚಹಾ ಕುಡಿಯುತ್ತಿದ್ದುದು ಇರಾಣಿಯ ಹೋಟೆಲಿನಲ್ಲಿ. ಇರಾನಿನಿಂದ ಬಂದ ಜನ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಇಂಥ ಹೋಟೆಲುಗಳನ್ನು ತೆರೆದರು. ಮುಂಬಯಿಯ ಕಯಾನಿ ೧೯೦೪ರದು, ಬ್ರಿಟಾನಿಯಾ ೧೯೨೩ರದು, ಪುಣೆಯ ಗುಡ್‌ಲಕ್ ೧೯೩೫ರದು. ಇರಾಣಿ ಚಹಾದಲ್ಲಿ ಪುಡಿಯ ಕಷಾಯವನ್ನು ಬೇರೆ, ಹಾಲನ್ನು ಬೇರೆ ಕುದಿಸಿ, ಕಪ್ಪಿನಲ್ಲಿ ಕೂಡಿಸುತ್ತಾರೆ. ಅದರ ಜೊತೆ ಕೊಡುವ ಉಸ್ಮಾನಿಯಾ ಬಿಸ್ಕೀಟಿಗೆ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲೀ ಖಾನರ ಹೆಸರು. ಪರದೇಶದವನ ಮೇಜಿನ ಮುಂದೆ ನಿಮ್ಮ ಅಜ್ಜಂದಿರು ಧೋತರ ರುಮಾಲುಗಳಲ್ಲಿಯೇ ಕುಳಿತು ಬಂದವರು. ಅವರಿಗೆ ಆಗದ ಅಂಜಿಕೆ ನಿಮಗೇಕೆ?

ಅಂಜಿಕೆ ಇರುವುದು ಮಾತ್ರ ನಿಜ. ನಮ್ಮಲ್ಲಿ ಕಲಿತ ಹುಡುಗನೊಬ್ಬ ಪುಣೆಯಲ್ಲಿ ನೌಕರಿ ಹಿಡಿದ. ಮೊದಲ ವಾರವೇ ಜೊತೆಯವರು ಅವನನ್ನು ಇಟಾಲಿಯನ್ ಊಟಕ್ಕೆ ಕರೆದೊಯ್ದರು. ಪಟ್ಟಿಯ ಹೆಸರುಗಳು ನಾಲಿಗೆಗೆ ಒಗ್ಗಲಿಲ್ಲ, ಕೇಳಲು ನಾಚಿಕೆ. ಹಸಿವಿಲ್ಲವೆಂದು ಹೇಳಿ ನೀರು ಕುಡಿದು ಕುಳಿತ. ಬಿಲ್ಲು ಬಂದಾಗ ಎಲ್ಲರಂತೆ ತನ್ನ ಪಾಲನ್ನೂ ಕೊಟ್ಟ. ಕೋಣೆಗೆ ಬಂದು ಅವ್ವ ಕಟ್ಟಿಕೊಟ್ಟಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ತಿಂದು ಮಲಗಿದನಂತೆ. ದೀಪಾವಳಿಗೆ ಬಂದಾಗ ತಾನೇ ಹೇಳಿದ: “ಹಸಿವಿ ಭಾಳ ಇತ್ತರಿ ಸರ. ಹೆಸರು ಹ್ಯಾಂಗ ಅನ್ನೂದು ತಿಳೀಲಿಲ್ಲ, ಸುಮ್ಮನ ಕುಂತೆ.” ಗಣಿತದಲ್ಲಿ ನೂರಕ್ಕೆ ತೊಂಬತ್ತು ಪಡೆದ ಹುಡುಗನಾತ. ಅವನನ್ನು ಉಪವಾಸ ಕೆಡವಿದ್ದು ಅನ್ನವಲ್ಲ, ಶಬ್ದಗಳು.

ಆ ಶಬ್ದಗಳನ್ನು ಬಿಡಿಸಿ ನೋಡಿದರೆ ಒಳಗೆ ಇರುವುದು ಅಡಿಗೆಮನೆಯ ಸಾದಾ ಮಾತು. ‘ಪಾಸ್ತಾ’ ಎಂದರೆ ನಾದಿದ ಹಿಟ್ಟು, ನಮ್ಮ ಕಣಕವಿದ್ದಂತೆ. ‘ಸ್ಪಘೆಟ್ಟಿ’ ಎಂದರೆ ಸಣ್ಣ ಹುರಿಗಳು. ‘ಪೆನ್ನೆ’ ಎಂದರೆ ಗರಿಯ ಲೇಖಣಿಗಳು. ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರಾದ್ದರಿಂದ ಆ ಹೆಸರು. ‘ವರ್ಮಿಸೆಲ್ಲಿ’ ಎಂದರೆ ಸಣ್ಣ ಹುಳುಗಳು! ಬೇಸಿಗೆಯಲ್ಲಿ ಅಂಗಳದಲ್ಲಿ ಶಾವಿಗೆ ಹೊಸೆದು ಒಣಹಾಕುವ ನಮ್ಮ ಹೆಣ್ಣುಮಕ್ಕಳು ಅದಕ್ಕಿಂತ ಚೆಂದದ ಹೆಸರನ್ನೇ ಇಟ್ಟಿದ್ದಾರೆ. ‘ಮೋಮೊ’ ಟಿಬೆಟ್, ನೇಪಾಳಗಳ ಕಡೆಯದು. ಹೂರಣವಿಟ್ಟು ಹಬೆಯಲ್ಲಿ ಬೇಯಿಸಿದ ಖಾರದ ಕಡುಬೆಂದು ತಿಳಿಯಿರಿ. ‘ಸೂಪ್’ ಶಬ್ದದ ವಿಷಯದಲ್ಲಿ ಎಚ್ಚರಿಕೆ ಬೇಕು. ಸಂಸ್ಕೃತದ ‘ಸೂಪ’ ಎಂದರೆ ಬೇಳೆಯ ಸಾರು. ಮೂರನೆಯ ಮಂಗರಸನು ಹದಿನಾರನೆಯ ಶತಮಾನದಲ್ಲಿ ಕನ್ನಡದಲ್ಲಿ ಬರೆದ ಪಾಕಗ್ರಂಥದ ಹೆಸರು ‘ಸೂಪಶಾಸ್ತ್ರ’. ಧ್ವನಿ ಒಂದೇ ಆಯಿತೆಂದು ಇಂಗ್ಲಿಷರು ನಮ್ಮಿಂದ ಪಡೆದರೆಂದು ಹೇಳಕೂಡದು. ಅವರ ಶಬ್ದ ಫ್ರೆಂಚಿನಿಂದ ಬಂದದ್ದು.

‘ಮಂಚೂರಿಯನ್’ ಎಂಬುದರ ಕಥೆ ಇನ್ನೂ ವಿಚಿತ್ರ. ಮಂಚೂರಿಯಾ ಚೀನದ ಈಶಾನ್ಯ ಪ್ರದೇಶ. ಈ ಪದಾರ್ಥಕ್ಕೂ ಅದಕ್ಕೂ ಸಂಬಂಧವಿಲ್ಲ. ಕಲಕತ್ತೆಯಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಅಡಿಗೆಯವರು ೧೯೭೫ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಹಸಿಮೆಣಸಿನಕಾಯಿ, ಹಸಿಶುಂಠಿ, ಬೆಳ್ಳುಳ್ಳಿಗಳಿಗೆ ಗರಮ್ ಮಸಾಲೆಯ ಬದಲು ಸೋಯಾ ಸಾಸ್ ಬೆರೆಸಿ ಕೋಳಿಯ ತಿನಿಸೊಂದನ್ನು ಮಾಡಿದರೆಂದೂ, ಅದೇ ಇದೆಂದೂ ಹೇಳುತ್ತಾರೆ. ಆಮೇಲೆ ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿ ಮಂಚೂರಿ ಆಯಿತು. ಜಾತ್ರೆಯ ಬಂಡಿಗಳವರೆಗೂ ಬಂದಿತು. ಅದು ಕೆಂಪಗೆ ಹೊಳೆದಷ್ಟೂ ರುಚಿಯೆಂದು ತಿಳಿಯಬೇಡಿರಿ. ೨೦೨೪ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣವು ಬೊಂಬಾಯಿ ಮಿಠಾಯಿಯಂಥ ತಿನಿಸುಗಳಲ್ಲಿ ಸಿಕ್ಕಿತ್ತು.

ಇಷ್ಟು ಹೇಳಿದೊಡನೆ ಪಾಲಕರಲ್ಲಿ ಕೆಲವರು, “ಪರದೇಶದ ಊಟ ನಮಗ್ಯಾಕ್ರಿ ಗುರುಗಳೇ, ನಮ್ಮ ರೊಟ್ಟಿ ಸಾಕು” ಎಂದಾರು. ಆ ರೊಟ್ಟಿಯನ್ನೇ ಪರೀಕ್ಷಿಸೋಣ. ಉಮರ್ಗಾದಿಂದ ದೂರವಿಲ್ಲದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ಊಟವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಇಡ್ಡಲಿಗೆ, ದೋಸೆ, ವಡೆಗಳ ಪೂರ್ವಜರೆಲ್ಲ ಅಲ್ಲಿದ್ದಾರೆ. ಆದರೆ ಆ ಅರಸನ ಅಡಿಗೆಮನೆಯಲ್ಲಿ ಒಂದೇ ಒಂದು ಮೆಣಸಿನಕಾಯಿ ಇರಲಿಲ್ಲ! ಖಾರಕ್ಕೆ ಕರಿಮೆಣಸು. ಬಟಾಟೆ ಇಲ್ಲ, ಟೊಮ್ಯಾಟೊ ಇಲ್ಲ, ಶೇಂಗಾ ಇಲ್ಲ. ಇವೆಲ್ಲ ಅಮೇರಿಕಾ ಖಂಡದ ಬೆಳೆಗಳು; ಕೊಲಂಬಸನು ೧೪೯೨ರಲ್ಲಿ ಆ ಕಡೆ ದಾರಿ ತೆರೆದ ಮೇಲೆ ಪೋರ್ತುಗೀಜರೇ ಮೊದಲಾದವರ ಹಡಗುಗಳಲ್ಲಿ ಬಂದವು. ‘ಬಟಾಟೆ’ ಎಂಬ ಹೆಸರೂ, ವಡಾ ಪಾವಿನ ‘ಪಾವ್’ ಎಂಬ ಹೆಸರೂ ಪೋರ್ತುಗೀಜ್ ಭಾಷೆಯವು. ಜೋಳವಾದರೋ ಸಾವಿರಾರು ವರ್ಷಗಳ ಹಿಂದೆಯೇ ಆಫ್ರಿಕೆಯಿಂದ ಬಂದು ನಮ್ಮ ಕರಿಮಣ್ಣಿನಲ್ಲಿ ನೆಲೆಸಿತು. ಆದ್ದರಿಂದ ಬಿಳಿಜೋಳದ ರೊಟ್ಟಿ, ಕೆಂಪು ಖಾರದ ಶೇಂಗಾ ಹಿಂಡಿ ತಿಂದು ಏಳುವ ಸಾಸ್ತೂರಿನ ರೈತನು ಎರಡು ಖಂಡಗಳ ಬೆಳೆಯನ್ನು ಒಂದೇ ತಾಟಿನಲ್ಲಿ ಉಂಡಿರುತ್ತಾನೆ. ಇಟಲಿಯವರ ಟೊಮ್ಯಾಟೊ ಸಾರಿಗೂ ನಮ್ಮ ಖಾರಕ್ಕೂ ತವರುಮನೆ ಒಂದೇ. ಇದೇ ಜೋಳದ ರೊಟ್ಟಿಯನ್ನು, ವಿಶ್ವಸಂಸ್ಥೆಯು ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ, ಪಟ್ಟಣದ ದೊಡ್ಡ ಹೋಟೆಲುಗಳು ಮೆನು ಕಾರ್ಡಿನಲ್ಲಿ ಗೌರವದಿಂದ ಅಚ್ಚು ಹಾಕಿಸುತ್ತಿವೆ. ಡಬ್ಬಿಯ ರೊಟ್ಟಿಯನ್ನು ಮುಚ್ಚಿಟ್ಟುಕೊಂಡು ತಿನ್ನುವ ಎಂಟನೆಯ ವರ್ಗದ ಕೆಲವರು ಈ ವಾಕ್ಯವನ್ನು ಎರಡು ಸಲ ಓದಲಿ.

ಇನ್ನು ವ್ಯವಹಾರದ ಮಾತು. ಪಟ್ಟಿಯಲ್ಲಿ ಎಡಗಡೆಯ ಹೆಸರಿಗಿಂತ ಮೊದಲು ಬಲಗಡೆಯ ದರವನ್ನು ಓದಿರಿ. ಅದರಲ್ಲಿ ಅಪಮಾನವೇನೂ ಇಲ್ಲ. ತಿಳಿಯದ ಹೆಸರಿದ್ದರೆ ಬೆರಳಿಟ್ಟು ತೋರಿಸಿ, “ಇದರಲ್ಲಿ ಏನೇನು ಹಾಕುತ್ತೀರಿ? ಎಷ್ಟು ಜನರಿಗೆ ಸಾಕಾಗುತ್ತದೆ?” ಎಂದು ಕೇಳಿರಿ. ಮರಾಠಿ, ಹಿಂದಿ ನಿಮಗೆ ಬರುತ್ತವೆ. ಬಡಿಸುವವನೂ ಹೆಚ್ಚಾಗಿ ನಿಮ್ಮಂತೆಯೇ ಹಳ್ಳಿಯಿಂದ ಬಂದವನಾಗಿರುತ್ತಾನೆ, ಸಂತೋಷದಿಂದ ಹೇಳುತ್ತಾನೆ. ಶಾಕಾಹಾರಿಗಳು ಬಿಡಿಸಿ ಕೇಳಲೇಬೇಕು. ಥಾಯ್ ಅಡಿಗೆಯ ಕಾಯಿಪಲ್ಲೆಯಲ್ಲಿಯೂ ಮೀನಿನ ರಸ ಇರುವುದುಂಟು. ಬಿಲ್ಲು ಬಂದ ಮೇಲೆ ಸಾಲುಸಾಲಾಗಿ ಓದಿರಿ. ಜಿ.ಎಸ್.ಟಿ. ಸರಕಾರಕ್ಕೆ ಸಲ್ಲುವ ತೆರಿಗೆ, ಅದನ್ನು ಕೊಡತಕ್ಕದ್ದು. ಸರ್ವಿಸ್ ಚಾರ್ಜ್ ಎಂಬುದು ತೆರಿಗೆಯಲ್ಲ. ಗ್ರಾಹಕರನ್ನು ಕೇಳದೆ ಅದನ್ನು ಬಿಲ್ಲಿನಲ್ಲಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೨ರ ಜುಲೈಯಲ್ಲಿ ಸೂಚನೆ ಹೊರಡಿಸಿತು. ೨೦೨೫ರ ಮಾರ್ಚಿಯಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ತೆಗೆದುಹಾಕಿರೆಂದು ಮೆತ್ತಗೆ ಹೇಳಬಹುದು.

ಅಭ್ಯಾಸಕ್ಕಾಗಿ: ನಿಮ್ಮ ಅವ್ವನೋ ಅಜ್ಜಿಯೋ ವಾರದಲ್ಲಿ ಮಾಡುವ ಅಡಿಗೆಗಳನ್ನೆಲ್ಲ ಬರೆದುಕೊಂಡು, ದರವಿಲ್ಲದ ಒಂದು ತಿನಿಸಿನ ಪಟ್ಟಿಯನ್ನು ಕನ್ನಡದಲ್ಲಿ ತಯಾರಿಸಿರಿ. ಝುಣಕ, ಪುಂಡಿಪಲ್ಲೆ, ಹುಗ್ಗಿ, ಯಾವುದನ್ನೂ ಬಿಡಬೇಡಿರಿ. ನಮ್ಮ ಊರನ್ನು ಎಂದೂ ಕಾಣದವನೊಬ್ಬ ಓದಿದರೆ ಅವನಿಗೆ ತಿಳಿಯುವಂತೆ ಪ್ರತಿಯೊಂದರ ಕೆಳಗೆ ಒಂದು ಸಾಲಿನ ವಿವರಣೆ ಇರಲಿ. ಪಟ್ಟಿಗಳನ್ನು ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ನನಗೆ ತೋರಿಸಿರಿ.