ಜಿಂಕೆ ಬಂದಿತ್ತೋ, ಬಂದಿದೆಯೋ?

ಮಕ್ಕಳೇ, ಬೆಳಿಗ್ಗೆ ಹೊಲಕ್ಕೆ ಹೋಗಿ ಬಂದವರು "ರಾತ್ರಿ ಹಂದಿ ಬಂದಿತ್ತು" ಎನ್ನುವುದನ್ನು ನೀವು ಕೇಳಿರಬಹುದು. ಹಂದಿಯನ್ನು ಯಾರೂ ಕಂಡಿಲ್ಲ. ಆದರೂ ಹೇಗೆ ಗೊತ್ತಾಯಿತು? ಮಣ್ಣಿನಲ್ಲಿ ಗೊರಸಿನ ಗುರುತು, ಕೆದಕಿದ ಬದು, ಮುರಿದ ಜೋಳದ ದಂಟು. ಇವೆಲ್ಲ ಹಂದಿ ಬಿಟ್ಟು ಹೋದ ಚೀಟಿಗಳು. ಆದರೆ ಈ ಚೀಟಿಯಲ್ಲಿ ಗಂಟೆ ಬರೆದಿರುವುದಿಲ್ಲ. ಹತ್ತಕ್ಕೆ ಬಂತೋ, ನಾಲ್ಕಕ್ಕೆ ಬಂತೋ? ಒಂದೇ ಹಂದಿ ಎರಡು ಸಲ ಬಂತೋ, ಎರಡು ಹಂದಿ ಒಂದೊಂದು ಸಲ ಬಂದವೋ?

ಇದೇ ಪ್ರಶ್ನೆ ಅಮೆರಿಕದ ಬೇಟೆಗಾರನಿಗೂ ಇದೆ. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಅಲ್ಲಿಯ ನಿಯಮ ಬೇರೆ. ಮಿಶಿಗನ್ ರಾಜ್ಯದಲ್ಲಿ ಪರವಾನಗಿ ಪಡೆದವರು ಬಿಳಿಬಾಲದ ಜಿಂಕೆಯನ್ನು ಬೇಟೆಯಾಡಬಹುದು. ಬಂದೂಕಿನ ಬೇಟೆಯ ಮುಖ್ಯ ಅವಧಿ ನವೆಂಬರ್ 15ರಿಂದ 30. ಹಲವರು ತಮ್ಮದೇ ಕಾಡು ಜಮೀನಿನಲ್ಲಿ ಬೇಟೆಯಾಡುತ್ತಾರೆ. ಜಿಂಕೆ ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ ನಡೆಯುತ್ತದೆ ಎಂದು ತಿಳಿಯಲು ಮರಗಳಿಗೆ ಕ್ಯಾಮರಾ ಕಟ್ಟುತ್ತಾರೆ. ಅದರ ಗುಂಡಿ ಒತ್ತುವವರು ಯಾರೂ ಇಲ್ಲ. ಜಿಂಕೆ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತದೆ!

ಈ ಉಪಾಯ ಹಳೆಯದು. ಇದೇ ಮಿಶಿಗನ್ನಿನ ಕಾಡುಗಳಲ್ಲಿ ಜಾರ್ಜ್ ಶಿರಾಸ್ ಎಂಬಾತ ನೂರು ವರ್ಷಕ್ಕೂ ಹಿಂದೆ ಜಿಂಕೆಯ ದಾರಿಗೆ ಅಡ್ಡಲಾಗಿ ದಾರ ಕಟ್ಟಿದ. ಜಿಂಕೆಯ ಕಾಲು ದಾರಕ್ಕೆ ತಗುಲಿದರೆ ಮೆಗ್ನೀಸಿಯಂ ಪುಡಿ ಭಗ್ಗೆಂದು ಉರಿದು ಬೆಳಕಾಗಿ ಚಿತ್ರ ಮೂಡುತ್ತಿತ್ತು. ಅವನು ಮೊದಲು ಬೇಟೆಗಾರ. ಆಮೇಲೆ ಬಂದೂಕು ಬಿಟ್ಟು ಕ್ಯಾಮರಾ ಹಿಡಿದ. 1906ರ ಜುಲೈ ತಿಂಗಳ 'ನ್ಯಾಷನಲ್ ಜಿಯೋಗ್ರಾಫಿಕ್' ಪತ್ರಿಕೆಯಲ್ಲಿ ಅವನ 74 ಚಿತ್ರಗಳು ಅಚ್ಚಾದವು.

ಬಿಸಿಯನ್ನು ಕಾಣುವ ಕಣ್ಣು

ಈಗ ದಾರ ಬೇಕಿಲ್ಲ. ನಮ್ಮ ಮೈಯಿಂದ, ಎಮ್ಮೆಯ ಮೈಯಿಂದ, ಜಿಂಕೆಯ ಮೈಯಿಂದ ಅವಕೆಂಪು ಕಿರಣಗಳು ಸದಾ ಹೊಮ್ಮುತ್ತಿರುತ್ತವೆ. ಅವು ಕಣ್ಣಿಗೆ ಕಾಣವು. ಕ್ಯಾಮರಾದ ಮುಂಭಾಗದಲ್ಲಿ ಇರುವ ಸಂವೇದಕ ಇವನ್ನು ಗುರುತಿಸುತ್ತದೆ. ಕೆಲವು ಕಚೇರಿಗಳ ಮೆಟ್ಟಿಲಿನಲ್ಲಿ ಜನ ಬಂದೊಡನೆ ಹೊತ್ತಿಕೊಳ್ಳುವ ದೀಪದಲ್ಲಿಯೂ ಇರುವುದು ಇದೇ.

ಸಂವೇದಕದೊಳಗೆ ಅಕ್ಕಪಕ್ಕದಲ್ಲಿ ಎರಡು ಪುಟ್ಟ ಬಿಲ್ಲೆಗಳಿವೆ. ಎರಡರ ಮೇಲೂ ಒಂದೇ ಸಮನಾಗಿ ಬಿಸಿ ಬಿದ್ದರೆ ಅದು ಸುಮ್ಮನಿರುತ್ತದೆ. ಜಿಂಕೆ ಎಡದಿಂದ ಬಲಕ್ಕೆ ನಡೆದಾಗ ಮೊದಲು ಒಂದು ಬಿಲ್ಲೆಗೆ, ನಂತರ ಇನ್ನೊಂದಕ್ಕೆ ಬಿಸಿ ತಾಗುತ್ತದೆ. ಈ ವ್ಯತ್ಯಾಸವೇ ಕ್ಯಾಮರಾವನ್ನು ಎಬ್ಬಿಸುವ ಗಂಟೆ. ಅಂದರೆ ಸಂವೇದಕಕ್ಕೆ ಜಿಂಕೆ ಗೊತ್ತಿಲ್ಲ, ಹಸು ಗೊತ್ತಿಲ್ಲ; ಚಲಿಸುವ ಬಿಸಿ ಮಾತ್ರ ಗೊತ್ತು. ಕಲ್ಲಿನಂತೆ ನಿಂತ ಜಿಂಕೆ ಅದಕ್ಕೆ ಇಲ್ಲದಂತೆಯೇ. ಸುತ್ತಲಿನಷ್ಟೇ ಬಿಸಿಯಿರುವ ಹಾವು, ಕಪ್ಪೆಗಳು ಮುಂದೆಯೇ ಹಾದುಹೋದರೂ ಚಿತ್ರ ಬರದೆ ಇರಬಹುದು. ಬಿಸಿಲಿಗೆ ಕಾದ ಎಲೆ ಗಾಳಿಗೆ ತೂಗಿದರೆ ಮಾತ್ರ ಕ್ಲಿಕ್, ಕ್ಲಿಕ್ ಎಂದು ನೂರು ಚಿತ್ರ! ಕಡುಬೇಸಿಗೆಯ ಮಧ್ಯಾಹ್ನ ನೆಲ, ಬಂಡೆ ಎಲ್ಲ ಪ್ರಾಣಿಯ ಮೈಯಷ್ಟೇ ಬಿಸಿಯಾದಾಗ ಏನಾಗಬಹುದು? ಯೋಚಿಸಿ.

ರಾತ್ರಿ ಕ್ಯಾಮರಾ ಅವಕೆಂಪು ದೀಪ ಹೊತ್ತಿಸುತ್ತದೆ. ಆಗ ಚಿತ್ರ ಕಪ್ಪು-ಬಿಳುಪಾಗಿ ಬರುತ್ತದೆ. ಈ ಬೆಳಕನ್ನು ನೀವೂ ನೋಡಬಹುದು. ಟಿ.ವಿ. ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮರಾದ ಎದುರು ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ, ಮೊಬೈಲ್ ಪರದೆಯಲ್ಲಿ ಮಿಣುಕು ಬೆಳಕು. ಒಂದು ಬದಿಯ ಕ್ಯಾಮರಾದಲ್ಲಿ ಕಾಣದಿದ್ದರೆ ಇನ್ನೊಂದು ಬದಿಯದರಲ್ಲಿ ನೋಡಿ.

ಕೈಯಿಂದ ಕೈಗೆ

ಚಿತ್ರಗಳು ಕ್ಯಾಮರಾದೊಳಗಿನ ಕಾರ್ಡಿನಲ್ಲಿ ಉಳಿಯುತ್ತವೆ. ಹಿಂದೆ ಬೇಟೆಗಾರ ವಾರಕ್ಕೊಮ್ಮೆ ಹೋಗಿ ಕಾರ್ಡು ತೆಗೆದು ನೋಡಬೇಕಿತ್ತು. ಇದರಲ್ಲಿ ಒಂದು ತೊಡಕು. ಜಿಂಕೆಯ ಮೂಗು ಬಲು ಚುರುಕು. ಮನುಷ್ಯ ಓಡಾಡಿದ ವಾಸನೆ ಸಿಕ್ಕರೆ ಅದು ದಾರಿಯನ್ನೇ ಬದಲಿಸುತ್ತದೆ. ನೋಡಲು ಹೋದದ್ದರಿಂದಲೇ ನೋಡಬೇಕಾದ್ದು ಇಲ್ಲವಾಯಿತು! ಆದ್ದರಿಂದ ಹೋಗದೆಯೇ ಚಿತ್ರ ತರಿಸುವ ದಾರಿ ಹುಡುಕಿದರು.

ಪ್ರತಿ ಕ್ಯಾಮರಾಕ್ಕೂ ಒಂದೊಂದು ಸಿಮ್ ಹಾಕಬಹುದು. ಆದರೆ ಖರ್ಚು ಹೆಚ್ಚು. ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ಲೂ ಸಿಗದು. ಜಾಲ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಲ್ಲ ಕ್ಯಾಮರಾಗಳಲ್ಲೂ ಒಂದು ಪುಟ್ಟ ರೇಡಿಯೋ ಇರುತ್ತದೆ. ಸಿಮ್ ಇರುವುದು ಒಂದರಲ್ಲಿ ಮಾತ್ರ. ಅದನ್ನು 'ಮನೆ' ಎನ್ನೋಣ. ದೂರದ ಕ್ಯಾಮರಾ ತನ್ನ ಚಿತ್ರವನ್ನು ಹತ್ತಿರದ ಕ್ಯಾಮರಾಕ್ಕೆ ಕೊಡುತ್ತದೆ, ಅದು ಮುಂದಿನದಕ್ಕೆ, ಅದು 'ಮನೆ'ಗೆ. ಊರ ಬಾವಿಗೆ ಬೆಂಕಿ ಬಿದ್ದ ಬಣವೆ ದೂರವಿದ್ದಾಗ ಜನ ಸಾಲಾಗಿ ನಿಂತು ಕೊಡ ದಾಟಿಸುತ್ತಾರಲ್ಲ, ಹಾಗೆ. ದಾಟಿಸುವುದು ಚಿತ್ರದ ಸಣ್ಣ ಪ್ರತಿಯನ್ನು ಮಾತ್ರ. ಪೂರ್ಣ ಚಿತ್ರ ಆಯಾ ಕಾರ್ಡಿನಲ್ಲೇ ಉಳಿಯುತ್ತದೆ.

ಮಿಶಿಗನ್ನಿನಲ್ಲಿ ಜಮೀನನ್ನು ಹಿಂದೆ 40 ಎಕರೆಯ ಚೌಕಗಳಾಗಿ ಅಳೆದಿದ್ದರು. ಅಂತಹ ಚೌಕದ ಒಂದು ಬದಿ ಸುಮಾರು 400 ಮೀಟರ್. ದಟ್ಟ ಮರಗಳ ನಡುವೆ ರೇಡಿಯೋ ಅಲೆ ಬಯಲಿನಲ್ಲಿ ಹೋದಷ್ಟು ದೂರ ಹೋಗಲಾರದು. ಎಲೆಗಳಲ್ಲಿನ ನೀರು ಅದನ್ನು ಹೀರಿಕೊಳ್ಳುತ್ತದೆ. ಹಾಗಾಗಿ 'ಮನೆ'ಯನ್ನು ಮೊಬೈಲ್ ಸಿಗ್ನಲ್ ಸಿಗುವ ಎತ್ತರದಲ್ಲಿ ಮೊದಲು ಕಟ್ಟುತ್ತಾರೆ. ನಂತರ ಅಲ್ಲಿಂದ ಹೊರಕ್ಕೆ ಒಂದೊಂದೇ ಕ್ಯಾಮರಾ ಹೊತ್ತಿಸುತ್ತ, ಸಿಗ್ನಲ್ ಅಳತೆ ನೋಡುತ್ತ ಸಾಗುತ್ತಾರೆ. ಕ್ಷೀಣವಾದರೆ ನಡುವೆ ಒಂದು ಕ್ಯಾಮರಾ ಸೇರಿಸಬೇಕು. ಜಾಣರು ಈ ಕೆಲಸವನ್ನು ಆಗಸ್ಟಿನಲ್ಲಿ ಮಾಡುತ್ತಾರೆ. ಮರದ ತುಂಬ ಹಸಿರೆಲೆ ಇರುವಾಗ ಸಾಲು ತುಂಡಾಗದಿದ್ದರೆ, ಎಲೆಯುದುರಿದ ನವೆಂಬರಿನಲ್ಲಿ ತುಂಡಾಗುವ ಭಯ ಕಡಿಮೆ. ಆದರೆ ನವೆಂಬರಿಗೆ ಬೇರೆ ಕಷ್ಟವಿದೆ. ಅಲ್ಲಿ ಆಗ ನೀರು ಹೆಪ್ಪುಗಟ್ಟುವ ಚಳಿ. ಸಾಮಾನ್ಯ ಆಲ್ಕಲೈನ್ ಸೆಲ್‌ಗಳು ಚಳಿಯಲ್ಲಿ ಸೊರಗುತ್ತವೆ, ಲಿಥಿಯಂ ಸೆಲ್‌ಗಳು ತಡೆದುಕೊಳ್ಳುತ್ತವೆ. ಸಾಲಿನ ನಡುವಿನ ಕ್ಯಾಮರಾಕ್ಕೆ ತನ್ನ ಕೆಲಸದ ಜೊತೆಗೆ ಬೇರೆಯವರ ಚಿತ್ರ ಹೊರುವ ಕೆಲಸವೂ ಇರುವುದರಿಂದ ಅದರ ಸೆಲ್ ಬೇಗ ಮುಗಿಯುತ್ತದೆ.

ಕಟ್ಟುವ ಎತ್ತರ ಸುಮಾರು ಒಂದು ಮೀಟರ್. ಮುಖ ಉತ್ತರಕ್ಕೆ, ಆಗ ಸೂರ್ಯ ಕಣ್ಣಿಗೆ ಹೊಡೆಯುವುದಿಲ್ಲ. (ಆಸ್ಟ್ರೇಲಿಯಾದಲ್ಲಿ ಕಟ್ಟುವುದಾದರೆ ಯಾವ ದಿಕ್ಕಿಗೆ?) ಮುಂದಿನ ಹುಲ್ಲು, ರೆಂಬೆ ಸವರಿರಬೇಕು. ಗಡಿಯಾರವನ್ನು ಸರಿಯಾಗಿಡಲು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಹೊತ್ತು ತಿಳಿಯದ ಚಿತ್ರ, ಗೊರಸಿನ ಗುರುತಿಗಿಂತ ಹೆಚ್ಚೇನನ್ನೂ ಹೇಳದು.

ಬೇಗ ತಿಳಿದರೆ ಒಳ್ಳೆಯದೇ?

ಇಷ್ಟು ಚೆಂದದ ಉಪಕರಣವನ್ನು ಅಮೆರಿಕದ ಕೆಲವು ರಾಜ್ಯಗಳೇ ಬೇಡವೆಂದಿವೆ. ಅರಿಜೋನಾ ಒಣ ಪ್ರದೇಶ. ಅಲ್ಲಿ ನೀರಿನ ತಾಣಗಳು ವಿರಳ. ಒಂದೇ ತಾಣದ ಸುತ್ತ ಹಲವರ ಕ್ಯಾಮರಾಗಳು, ಅವನ್ನು ನೋಡಲು ಬರುವ ಜನ. ನೀರಿಗೆ ಬಂದ ಪ್ರಾಣಿಗೆ ನೆಮ್ಮದಿಯಿಲ್ಲ. ಬೇಟೆಗೆ ನೆರವಾಗಲು ಇಂತಹ ಕ್ಯಾಮರಾ ಬಳಸುವುದನ್ನು 2022ರ ಜನವರಿ 1ರಿಂದ ಅಲ್ಲಿ ನಿಷೇಧಿಸಲಾಯಿತು. ನೆವಾಡಾ, ಯೂಟಾ ರಾಜ್ಯಗಳಲ್ಲಿ ವರ್ಷದ ಕೆಲವು ತಿಂಗಳಿಗೆ ನಿರ್ಬಂಧ ಬಂದಿತು.

ಬೇಟೆಗಾರರಲ್ಲೇ ಈ ಬಗ್ಗೆ ಚರ್ಚೆಯಿದೆ. "ಜಿಂಕೆ ನಿನ್ನೆ ಬಂದಿತ್ತು" ಎಂದು ತಿಳಿಯುವುದು ಬೇರೆ, "ಜಿಂಕೆ ಈಗ ಬಂದಿದೆ" ಎಂದು ತಿಳಿಯುವುದು ಬೇರೆ. ಮೊದಲನೆಯದರಲ್ಲಿ ಜಿಂಕೆಗೆ ತನ್ನ ಮೂಗು, ಕಿವಿ, ಕಾಲುಗಳ ನೆರವು ಇನ್ನೂ ಇದೆ. ಎರಡನೆಯದರಲ್ಲಿ ಮೊಬೈಲ್ ನೋಡಿ ಎದ್ದು ಬಂದರೆ ಸಾಕು. ನನ್ನನ್ನು ಕೇಳಿದರೆ ಅರಿಜೋನಾದವರು ಸರಿಯಾದುದನ್ನೇ ಮಾಡಿದ್ದಾರೆ. ನಿಮ್ಮ ತರಗತಿಯಲ್ಲಿ ಚರ್ಚಿಸಿ, ಒಪ್ಪಲೇಬೇಕೆಂದಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ಇಲ್ಲಿ ಇದೇ ಕ್ಯಾಮರಾದ ಮುಖ್ಯ ಕೆಲಸ ಹುಲಿ ಎಣಿಕೆ. 1990ರ ದಶಕದ ಆರಂಭದಲ್ಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ವಿಧಾನವನ್ನು ರೂಪಿಸಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಎಡಮಗ್ಗುಲಿನ ಪಟ್ಟೆಯೇ ಬೇರೆ, ಬಲಮಗ್ಗುಲಿನದೇ ಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಕ್ಯಾಮರಾ ಬೇಕು. 2022ರ ರಾಷ್ಟ್ರೀಯ ಗಣತಿಯಲ್ಲಿ 32,588 ಕಡೆ ಕ್ಯಾಮರಾ ಇಡಲಾಗಿತ್ತು. 4 ಕೋಟಿ 70 ಲಕ್ಷಕ್ಕೂ ಹೆಚ್ಚು ಚಿತ್ರಗಳಲ್ಲಿ ಹುಲಿಯವು 97,399. ಪಟ್ಟೆ ಹೋಲಿಸಿದಾಗ ಸಿಕ್ಕ ಬೇರೆ ಬೇರೆ ಹುಲಿಗಳು 3,080. ದೇಶದ ಒಟ್ಟು ಹುಲಿಗಳ ಸರಾಸರಿ ಅಂದಾಜು 3,682, ಕರ್ನಾಟಕದ್ದು 563. ಎಣಿಕೆಗೆ ಅವಸರವಿಲ್ಲ. ಚಿತ್ರ ಹತ್ತು ದಿನ ತಡವಾಗಿ ಸಿಕ್ಕರೂ ಹುಲಿಯ ಸಂಖ್ಯೆ ಬದಲಾಗದು.

ಆದರೆ ಕಾಡಂಚಿನ ಊರಿನಲ್ಲಿ ಅವಸರವಿದೆ. ಹುಲಿ ಹತ್ತು ದಿನದ ಹಿಂದೆ ಬಂದಿತ್ತು ಎಂದರೆ ಹಟ್ಟಿಯಲ್ಲಿರುವ ಹಸುವಿಗೆ ಏನು ಪ್ರಯೋಜನ? ಮಧ್ಯಪ್ರದೇಶದ ಕಾನ್ಹಾ ಮತ್ತು ಪೆಂಚ್ ಕಾಡುಗಳ ನಡುವೆ 2022ರಲ್ಲಿ ಹುಲಿಯನ್ನು ತಾನೇ ಗುರುತಿಸಿ, ಒಂದು ನಿಮಿಷದೊಳಗೆ ಚಿತ್ರ ಕಳಿಸುವ ಕ್ಯಾಮರಾಗಳನ್ನು ಪರೀಕ್ಷಿಸಲಾಯಿತು. ಅರಿಜೋನಾದಲ್ಲಿ ಜಿಂಕೆಗೆ ಅನ್ಯಾಯ ಎನಿಸಿದ ಅದೇ ವೇಗ ಇಲ್ಲಿ ದನ ಕಾಯುವವರನ್ನೂ ಹುಲಿಯನ್ನೂ ಉಳಿಸಬಲ್ಲದು. ಹಾಗೆಯೇ ಅದೇ ಚಿತ್ರ ಕಳ್ಳಬೇಟೆಗಾರನ ಕೈಗೆ ಸಿಕ್ಕರೆ? ಆದ್ದರಿಂದಲೇ ಕ್ಯಾಮರಾ ಇಟ್ಟ ಜಾಗವನ್ನು ಬಹಿರಂಗಪಡಿಸಬಾರದು. ಕಾಡಿನ ದಾರಿಯಲ್ಲಿ ಮರಕ್ಕೆ ಕಟ್ಟಿದ ಪೆಟ್ಟಿಗೆ ಕಂಡರೆ ಮುಟ್ಟಬೇಡಿ, ಫೋಟೋ ತೆಗೆದು ಹಂಚಬೇಡಿ.

ಮಾಡಿ ನೋಡಿ: ಚೀಟಿ ದಾಟಿಸುವ ಆಟ

ಆಟದ ಬಯಲಿನಲ್ಲಿ ಹನ್ನೆರಡು ಮಕ್ಕಳು ಹತ್ತು ಹೆಜ್ಜೆಗೊಬ್ಬರಂತೆ ಚದುರಿ ನಿಲ್ಲಲಿ. ಕೊಠಡಿಯ ಬಾಗಿಲಲ್ಲಿ ನಿಂತವಳು 'ಮನೆ'. ಯಾರೂ ಹತ್ತು ಹೆಜ್ಜೆಗಿಂತ ಹೆಚ್ಚು ನಡೆಯುವಂತಿಲ್ಲ. ದೂರದ ಮೂಲೆಯಿಂದ 'ಜಿಂಕೆ, ಬೆಳಿಗ್ಗೆ 6 ಗಂಟೆ' ಎಂದು ಬರೆದ ಚೀಟಿ ಹೊರಡಲಿ. ತಲುಪಲು ಎಷ್ಟು ಸೆಕೆಂಡು? ಈಗ ಶಿಕ್ಷಕರು ನಡುವಿನ ಒಬ್ಬರನ್ನು ಸದ್ದಿಲ್ಲದೆ ಕೂರಿಸಲಿ (ಸೆಲ್ ಮುಗಿಯಿತು!). ಚೀಟಿ ಬೇರೆ ದಾರಿ ಹುಡುಕಿತೇ? ಯಾರ ಕೈಯಲ್ಲಿ ಹೆಚ್ಚು ಚೀಟಿ ಓಡಾಡಿತು? ಶಿಕ್ಷಕರ ತರಬೇತಿಗಳಲ್ಲಿ ಇದನ್ನು ಆಡಿಸಿದ್ದೇನೆ. ಮಕ್ಕಳಿಗಿಂತ ಮೇಷ್ಟರುಗಳ ಗಲಾಟೆಯೇ ಜಾಸ್ತಿ.

ಮಾಡಿ ನೋಡಿ: ಎಣಿಸದೆ ಎಣಿಸುವುದು

ಚೀಲವೊಂದಕ್ಕೆ ನಾಲ್ಕೈದು ಹಿಡಿ ಹುಣಸೆ ಬೀಜ ಹಾಕಿ. ಎಷ್ಟೆಂದು ಎಣಿಸಬೇಡಿ. 40 ಬೀಜ ತೆಗೆದು ಸೀಮೆಸುಣ್ಣದಿಂದ ಗುರುತು ಮಾಡಿ ಮತ್ತೆ ಚೀಲಕ್ಕೆ ಹಾಕಿ ಚೆನ್ನಾಗಿ ಕಲಸಿ. ಈಗ ನೋಡದೆ 50 ಬೀಜ ತೆಗೆಯಿರಿ. ಅದರಲ್ಲಿ ಗುರುತಿನವು 10 ಇವೆ ಎಂದುಕೊಳ್ಳಿ. ಅಂದರೆ ಐದರಲ್ಲೊಂದು. ಚೀಲದಲ್ಲಿಯೂ ಐದರಲ್ಲೊಂದೇ ಗುರುತಿನದು ಇರಬೇಕಲ್ಲವೇ? ಗುರುತಿನವು ಒಟ್ಟು 40, ಹಾಗಾದರೆ ಎಲ್ಲ ಸೇರಿ 40 × 5 = 200. ಈಗ ಚೀಲ ಸುರಿದು ಎಣಿಸಿ ನೋಡಿ, ಎಷ್ಟು ಹತ್ತಿರ ಬಂದಿರಿ? ಹುಲಿಗೆ ಸೀಮೆಸುಣ್ಣ ಹಚ್ಚಲಾಗದು; ಪಟ್ಟೆಯೇ ಗುರುತು. ಕ್ಯಾಮರಾಕ್ಕೆ ಸಿಗದ ಹುಲಿಗಳ ಲೆಕ್ಕ ಹಿಡಿಯಲು ವಿಜ್ಞಾನಿಗಳು ಬಳಸುವ ದೊಡ್ಡ ಗಣಿತದ ಬೇರು ಇದೇ.

ಇನ್ನೊಮ್ಮೆ ಮಾಡಿ, ಆದರೆ ಈ ಸಲ ಬೀಜ ಕಲಸದೆ ಮೇಲಿನಿಂದಲೇ 50 ತೆಗೆಯಿರಿ. ಉತ್ತರ ಏಕೆ ಕೆಟ್ಟಿತು? ಕ್ಯಾಮರಾಗಳನ್ನೆಲ್ಲ ಒಂದೇ ಕೆರೆಯ ದಂಡೆಗೆ ಕಟ್ಟಿದರೆ ಏನಾಗುತ್ತದೆ ಎಂದು ಗುಂಪಿನಲ್ಲಿ ಚರ್ಚಿಸಿ ಬರೆಯಿರಿ.