ತಾಡಪತ್ರಿಯ ಜೋಪಾನ



ಅಂಗಳದ ನೆರಳಿಗೆ ಕಟ್ಟುವ ಕ್ಯಾನ್ವಾಸ್ ತಾಡಪತ್ರಿಯನ್ನು ಹಸಿಯಾಗಿ ಮಡಚಿಡಬಾರದು. ಅದು ಹತ್ತಿಯ ಬಟ್ಟೆ. ತೇವ ಉಳಿದರೆ ಬೂಸ್ಟು ಹಿಡಿದು ನೂಲು ಕೊಳೆಯುತ್ತದೆ. ಫಾಲ್ಗುಣದಲ್ಲಿ ಅಕಾಲಿಕ ಮಳೆ ಬಂದಾಗ ಅದೇ ತಾಡಪತ್ರಿ ಕಣದ ಬಿಳಿಜೋಳದ ಮೇಲೆ ಸೋರುತ್ತದೆ.

ಮೊದಲು ಒಣ ಧೂಳನ್ನು ಕಸಬರಿಗೆಯಿಂದ ಗುಡಿಸಿರಿ. ಬಳಿಕ ತಣ್ಣೀರು ಮತ್ತು ಸೌಮ್ಯ ಸಾಬೂನಿನಿಂದ ತೊಳೆಯಿರಿ. ಸೋಡಾ, ಬ್ಲೀಚಿಂಗ್ ಪುಡಿ, ಬಿಸಿನೀರು ಬೇಡ; ನೀರು ತಡೆಯುವ ಮೇಣದ ಲೇಪ ಹೋಗುತ್ತದೆ. ಎರಡೂ ಬದಿ, ಹೊಲಿಗೆ ಸಹಿತ, ಪೂರ್ತಿ ಒಣಗಿದ ಮೇಲೆಯೇ ಮಡಚಿರಿ.

ಕಟ್ಟುವಾಗ ನೀರು ನಿಲ್ಲದಂತೆ ಒಂದು ಬದಿಗೆ ಇಳಿಜಾರು ಕೊಡಿರಿ. ನಾರಿನ ಹಗ್ಗ ನೆನೆದರೆ ಬಿಗಿಯುತ್ತದೆ. ಮಳೆಯಲ್ಲಿ ತುಸು ಸಡಿಲಿಸಿರಿ. ಇಲ್ಲವಾದರೆ ಅಂಚು ಹರಿಯುತ್ತದೆ.

ಸುಗ್ಗಿಗೆ ಮುಂಚೆ ಒಮ್ಮೆ ಬಿಸಿಲಿಗೆ ಹಿಡಿದು ನೋಡಿರಿ. ಬೆಳಕು ತೂರಿ ಬಂದಲ್ಲಿ ನೀರೂ ಬರುತ್ತದೆ. ಅಲ್ಲಿ ಅಂದೇ ತೇಪೆ ಹಾಕಿರಿ.