ತಿಂಗಳ ಗರಿಷ್ಠ–ಕನಿಷ್ಠ ಹವಾಮಾನ ದಾಖಲೆಗಳು: ಗಣಕಯಂತ್ರದಲ್ಲಿ ಅವುಗಳ ಶೇಖರಣೆ ಮತ್ತು ಸಂರಕ್ಷಣೆ

ಮಳೆಯನ್ನು ನಕ್ಷತ್ರದ ಹೆಸರಿನಿಂದ ನೆನಪಿಡುವುದು ನಮ್ಮ ರೈತರಲ್ಲಿ ತಲೆತಲಾಂತರದಿಂದ ಬಂದ ರೂಢಿ. ಯಾವ ವರ್ಷ ರೋಹಿಣಿ ಮಳೆ ಕೈಕೊಟ್ಟಿತು, ಯಾವ ವರ್ಷ ಆರಿದ್ರಾ ಮಳೆಗೆ ಬದು ಒಡೆಯಿತು ಎಂಬುದನ್ನು ಹಿರಿಯರು ಇಂದಿಗೂ ಹೇಳಬಲ್ಲರು. ಆದರೆ ಎಷ್ಟು ಮಿ.ಮೀ. ಸುರಿಯಿತು, ಎಷ್ಟು ಹೊತ್ತಿನಲ್ಲಿ ಸುರಿಯಿತು ಎಂದು ಕೇಳಿದರೆ ನೆನಪು ಸಾಲದು, ಬರಹ ಬೇಕಾಗುತ್ತದೆ. ಕೊಡಗು, ಚಿಕ್ಕಮಗಳೂರು ಜಿಲ್ಲೆಗಳ ಅನೇಕ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕದ ಪುಸ್ತಕ ಇಡುವ ಪದ್ಧತಿ ಬಹಳ ಹಳೆಯದು.

ಇಂದು ಕೆಲವು ಬೆಳೆಗಾರರು ತಮ್ಮ ತೋಟದಲ್ಲಿಯೇ ಸ್ವಯಂಚಾಲಿತ ಹವಾಮಾನ ಯಂತ್ರವನ್ನು ಹಾಕಿಸಿಕೊಂಡಿದ್ದಾರೆ. ಉಷ್ಣಾಂಶ, ಆರ್ದ್ರತೆ, ಗಾಳಿಯ ವೇಗ ಮತ್ತು ಮಳೆಯನ್ನು ಯಂತ್ರ ಅಳೆಯುತ್ತದೆ. ಅದಕ್ಕೆ ಜೋಡಿಸಿದ ಗಣಕಯಂತ್ರದಲ್ಲಿ ತಂತ್ರಾಂಶವೊಂದು ಬರೆದಿಡುತ್ತದೆ. ಎಲ್ಲವೂ ತಾನಾಗಿಯೇ ನಡೆಯುವುದರಿಂದ ದಾಖಲೆಯ ಕಡೆ ಯಾರೂ ಗಮನ ಕೊಡುವುದಿಲ್ಲ. ಒಂದು ದಿನ ಗಣಕಯಂತ್ರ ಕೆಟ್ಟಾಗ ಹಲವು ವರ್ಷಗಳ ಲೆಕ್ಕ ಒಟ್ಟಿಗೇ ಹೋಗುತ್ತದೆ. ಇದನ್ನು ತಪ್ಪಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಎರಡು ಬಗೆಯ ದಾಖಲೆಗಳು

ತಿಂಗಳ ಗರಿಷ್ಠ–ಕನಿಷ್ಠ ಎಂಬ ಮಾತಿಗೆ ಎರಡು ಅರ್ಥಗಳಿವೆ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳಬೇಕು.

ಒಂದನೆಯದು, ನಡೆಯುತ್ತಿರುವ ತಿಂಗಳ ಗರಿಷ್ಠ–ಕನಿಷ್ಠ. ಈ ಜೂನ್ ತಿಂಗಳಲ್ಲಿ ಅತಿ ಹೆಚ್ಚು ಮಳೆ ಬಿದ್ದ ದಿನ ಯಾವುದು, ಅತಿ ಬಿರುಸಿನ ಗಾಳಿ ಬೀಸಿದ್ದು ಯಾವಾಗ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದು, ಇದುವರೆಗಿನ ಎಲ್ಲ ವರ್ಷಗಳ ಅದೇ ತಿಂಗಳನ್ನು ಹೋಲಿಸಿದಾಗ ಸಿಗುವ ಗರಿಷ್ಠ–ಕನಿಷ್ಠ. ಬೆಂಗಳೂರು ನಗರದಲ್ಲಿ 2024ರ ಜೂನ್ 2ರಂದು 111.1 ಮಿ.ಮೀ. ಮಳೆಯಾಯಿತು. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ ಅದಕ್ಕೆ ಹಿಂದಿನ ದಾಖಲೆ 1891ರ ಜೂನ್ 16ರ 101.6 ಮಿ.ಮೀ. ಆಗಿತ್ತು. ಒಂದು ನೂರ ಮೂವತ್ತಮೂರು ವರ್ಷಗಳ ಹಿಂದೆ ಯಾರೋ ಮಳೆಮಾಪಕವನ್ನು ಓದಿ ಬರೆದಿಟ್ಟ ಅಂಕಿ ಉಳಿದುಬಂದುದರಿಂದಲೇ ಈ ಹೋಲಿಕೆ ಸಾಧ್ಯವಾಯಿತು. ಆ ಪುಸ್ತಕ ಕಳೆದುಹೋಗಿದ್ದರೆ 111.1 ಎಂಬ ಅಂಕಿಯ ತೂಕ ಎಷ್ಟೆಂದು ಹೇಳುವುದು ಕಷ್ಟವಾಗುತ್ತಿತ್ತು.

ಸರಾಸರಿಯಿಂದ ಗರಿಷ್ಠ ಮರಳಿ ಸಿಗದು

ಗರಿಷ್ಠ ಎಂಬುದು ಒಂದು ಕ್ಷಣದ ಸಂಗತಿ. ತಂತ್ರಾಂಶವು ಪ್ರತಿಯೊಂದು ಓದನ್ನೂ ಬರೆದಿಡುವುದಿಲ್ಲ. ಐದು ಅಥವಾ ಹತ್ತು ನಿಮಿಷಕ್ಕೊಮ್ಮೆ ಒಂದು ಸಾಲನ್ನು ಬರೆಯುತ್ತದೆ. ಉದಾಹರಣೆಗೆ, ಮಧ್ಯಾಹ್ನದ ಐದು ನಿಮಿಷಗಳಲ್ಲಿ ನಿಮಿಷಕ್ಕೊಂದರಂತೆ 34.2, 34.3, 34.9, 34.4 ಮತ್ತು 34.2 ಡಿಗ್ರಿ ಉಷ್ಣಾಂಶ ಇತ್ತೆಂದು ಇಟ್ಟುಕೊಳ್ಳೋಣ. ಇವುಗಳ ಸರಾಸರಿ 34.4 ಡಿಗ್ರಿ. ಸರಾಸರಿಯನ್ನು ಮಾತ್ರ ಬರೆದಿಟ್ಟರೆ 34.9 ಎಂಬ ಗರಿಷ್ಠವನ್ನು ಮುಂದೆ ಯಾವ ಲೆಕ್ಕದಿಂದಲೂ ಹೊರತೆಗೆಯಲು ಬಾರದು.

ಆದ್ದರಿಂದ ಒಳ್ಳೆಯ ತಂತ್ರಾಂಶವು ಸಾಮಾನ್ಯ ಲೆಕ್ಕದ ಜೊತೆಗೆ ಗರಿಷ್ಠ–ಕನಿಷ್ಠಗಳನ್ನೂ ಅವು ಸಂಭವಿಸಿದ ವೇಳೆಯನ್ನೂ ಬೇರೆಯಾಗಿ ಇಡುತ್ತದೆ. ಹೊಸ ಓದು ಬಂದಾಗಲೆಲ್ಲ ಅದನ್ನು ಹಳೆಯ ಗರಿಷ್ಠದೊಡನೆ ಹೋಲಿಸುತ್ತದೆ; ಹೆಚ್ಚಿದ್ದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಈ ಬೇರೆ ಲೆಕ್ಕವೇ ನಾವು ಕಾಪಾಡಬೇಕಾದ ಮುಖ್ಯ ಆಸ್ತಿ.

ಕ್ಯುಮ್ಯುಲಸ್ ತಂತ್ರಾಂಶದ ಕ್ರಮ

ಸ್ಟೀವ್ ಲಾಫ್ಟ್ ಎಂಬುವರು ರಚಿಸಿದ ಕ್ಯುಮ್ಯುಲಸ್, ಖಾಸಗಿ ಹವಾಮಾನ ಯಂತ್ರಗಳವರು ಬಳಸುವ ಉಚಿತ ತಂತ್ರಾಂಶಗಳಲ್ಲಿ ಒಂದು. ಅದರ ಈಗಿನ ರೂಪಕ್ಕೆ ಕ್ಯುಮ್ಯುಲಸ್ ಎಂಎಕ್ಸ್ ಎಂದು ಹೆಸರು. ಇದು ‘ಡೇಟಾ’ ಎಂಬ ಫೋಲ್ಡರ್‌ನಲ್ಲಿ ಸಾಮಾನ್ಯ ಅಕ್ಷರಗಳಲ್ಲಿಯೇ ಕಡತಗಳನ್ನು ಇಡುವುದರಿಂದ ಯಾರು ಬೇಕಾದರೂ ತೆರೆದು ಓದಬಹುದು. ಮುಖ್ಯ ಕಡತಗಳು ಇವು:

1. ‘ಟುಡೇ’ ಕಡತ: ಈ ದಿನದ ಗರಿಷ್ಠ–ಕನಿಷ್ಠಗಳು ಮತ್ತು ಅವುಗಳ ವೇಳೆ.

2. ‘ಮಂತ್’ ಕಡತ: ನಡೆಯುತ್ತಿರುವ ತಿಂಗಳ ಗರಿಷ್ಠ–ಕನಿಷ್ಠಗಳು. ತಿಂಗಳು ಮುಗಿದಾಗ ತಂತ್ರಾಂಶವು ಇದರ ಒಂದು ಪ್ರತಿಯನ್ನು ವರ್ಷ ಮತ್ತು ತಿಂಗಳ ಸಂಖ್ಯೆ ಸೇರಿದ ಹೆಸರಿನಲ್ಲಿ ಎತ್ತಿಟ್ಟು, ಹೊಸ ತಿಂಗಳಿಗೆ ಹೊಸದಾಗಿ ಆರಂಭಿಸುತ್ತದೆ.

3. ‘ಮಂತ್ಲಿ ಆಲ್‌ಟೈಮ್’ ಕಡತ: ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ತಿಂಗಳಿಗೂ ಇದುವರೆಗಿನ ದಾಖಲೆಗಳು.

4. ‘ಡೇಫೈಲ್’: ದಿನಕ್ಕೆ ಒಂದೇ ಸಾಲು. ಆ ದಿನದ ಗರಿಷ್ಠ, ಕನಿಷ್ಠ, ಅವುಗಳ ವೇಳೆ, ಒಟ್ಟು ಮಳೆ ಎಲ್ಲವೂ ಆ ಸಾಲಿನಲ್ಲಿರುತ್ತವೆ.

5. ತಿಂಗಳ ಲಾಗ್ ಕಡತ: ಕೆಲವು ನಿಮಿಷಗಳಿಗೊಮ್ಮೆ ಬರೆದ ಓದುಗಳು.

ಇವುಗಳಲ್ಲಿ ಡೇಫೈಲ್‌ನ ಮಹತ್ವವನ್ನು ವಿಶೇಷವಾಗಿ ಗಮನಿಸಬೇಕು. ಮಂತ್ ಕಡತ ಕೆಟ್ಟುಹೋದರೆ ಡೇಫೈಲ್‌ನ ಮೂವತ್ತು ಸಾಲುಗಳನ್ನು ನೋಡಿ ತಿಂಗಳ ದಾಖಲೆಯನ್ನು ಮತ್ತೆ ಕಟ್ಟಬಹುದು. ಲಾಗ್ ಕಡತ ಮಾತ್ರ ಉಳಿದಿದ್ದರೆ, ಎರಡು ಓದುಗಳ ನಡುವೆ ಬಂದುಹೋದ ಗರಿಷ್ಠ ಸಿಗುವುದಿಲ್ಲ. ಕ್ಯುಮ್ಯುಲಸ್ ಎಂಎಕ್ಸ್‌ನಲ್ಲಿ ದಾಖಲೆ ತಿದ್ದುವ ಪುಟಗಳಿದ್ದು, ಅಲ್ಲಿ ಈಗಿನ ದಾಖಲೆ, ಡೇಫೈಲ್‌ನ ಅಂಕಿ ಮತ್ತು ಲಾಗ್ ಕಡತದ ಅಂಕಿ ಇವುಗಳನ್ನು ಅಕ್ಕಪಕ್ಕದಲ್ಲಿ ನೋಡಿ ಸರಿಯಾದುದನ್ನು ಆರಿಸಬಹುದು.

ವೀವ್ಎಕ್ಸ್ ತಂತ್ರಾಂಶದ ಕ್ರಮ

ಅಮೆರಿಕದ ಟಾಮ್ ಕೆಫರ್ ಅವರು ಆರಂಭಿಸಿದ ವೀವ್ಎಕ್ಸ್ ಇನ್ನೊಂದು ಉಚಿತ ತಂತ್ರಾಂಶ. ಇದು ಬಿಡಿ ಕಡತಗಳ ಬದಲು ಒಂದೇ ದತ್ತಸಂಚಯದಲ್ಲಿ ಎಲ್ಲವನ್ನೂ ಇಡುತ್ತದೆ. ಅದರೊಳಗೆ ಒಂದು ಮುಖ್ಯ ಕೋಷ್ಟಕವೂ ದಿನದ ಸಾರಾಂಶದ ಕೋಷ್ಟಕಗಳೂ ಇರುತ್ತವೆ. ತಿಂಗಳ ಗರಿಷ್ಠವನ್ನು ಪ್ರತ್ಯೇಕವಾಗಿ ಬರೆಯದೆ, ದಿನದ ಸಾರಾಂಶಗಳಿಂದ ಬೇಕಾದಾಗ ಲೆಕ್ಕ ಹಾಕುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದಿನದ ಸಾರಾಂಶ ಕೆಟ್ಟಾಗ ಅದನ್ನು ಮುಖ್ಯ ಕೋಷ್ಟಕದಿಂದ ಪುನಃ ರಚಿಸಲು ಅವಕಾಶವಿದೆ. ಆದರೆ ಮುಖ್ಯ ಕೋಷ್ಟಕದಲ್ಲಿ ಸಾಮಾನ್ಯವಾಗಿ ಐದು ನಿಮಿಷದ ಅಂಕಿಗಳಿರುವುದರಿಂದ, ಹಾಗೆ ರಚಿಸಿದಾಗ ಕ್ಷಣಿಕ ಗರಿಷ್ಠಗಳು ಸ್ವಲ್ಪ ತಗ್ಗುತ್ತವೆ. ಮೇಲಿನ ಉದಾಹರಣೆಯ 34.9 ಹೋಗಿ 34.4 ಉಳಿಯಬಹುದು. ಆದ್ದರಿಂದ ಪುನಃ ರಚಿಸುವ ಮೊದಲು ಹಳೆಯ ದತ್ತಸಂಚಯದ ಪ್ರತಿಯನ್ನು ತಪ್ಪದೆ ತೆಗೆದಿಡಬೇಕು.

ದಿನ ಬದಲಾಗುವ ಹೊತ್ತು

ಭಾರತ ಹವಾಮಾನ ಇಲಾಖೆಯವರು ಬೆಳಿಗ್ಗೆ 8–30ಕ್ಕೆ ಮಳೆಮಾಪಕವನ್ನು ಓದುತ್ತಾರೆ. ಹಿಂದಿನ 24 ಗಂಟೆಗಳ ಮಳೆಯನ್ನು ಆ ದಿನದ ಹೆಸರಿಗೆ ಬರೆಯುತ್ತಾರೆ. ಕ್ಯುಮ್ಯುಲಸ್‌ನಲ್ಲಿ ಮಧ್ಯರಾತ್ರಿ ಅಥವಾ ಬೆಳಿಗ್ಗೆ 9 ಗಂಟೆಗೆ ದಿನ ಬದಲಾಗುವಂತೆ ಹೊಂದಿಸಬಹುದು. 9 ಗಂಟೆಗೆ ಹೊಂದಿಸಿದರೆ ದಿನಕ್ಕೆ ಅದು ಆರಂಭವಾದ ತಾರೀಖೇ ಹೆಸರಾಗುತ್ತದೆ.

ಇದರ ಪರಿಣಾಮ ತಿಂಗಳ ಕೊನೆಯಲ್ಲಿ ಕಾಣುತ್ತದೆ. ಮೇ 31ರ ರಾತ್ರಿ ಹತ್ತು ಗಂಟೆಗೆ ರೋಹಿಣಿ ಮಳೆ ಜೋರಾಗಿ ಸುರಿಯಿತು ಎನ್ನೋಣ. ಇಲಾಖೆಯ ಲೆಕ್ಕದಲ್ಲಿ ಅದು ಜೂನ್ 1ರ ಮಳೆ. ತೋಟದ ತಂತ್ರಾಂಶದ ಲೆಕ್ಕದಲ್ಲಿ ಮೇ 31ರ ಮಳೆ. ಒಂದೇ ಮಳೆ ಎರಡು ತಿಂಗಳಲ್ಲಿ ಕಾಣಿಸಿಕೊಂಡಿತೆಂದು ಗೊಂದಲಪಡಬೇಕಾಗಿಲ್ಲ. ಯಾವ ಕ್ರಮವನ್ನು ಆರಿಸಿದ್ದೀರೋ ಅದನ್ನು ಪುಸ್ತಕದಲ್ಲಿ ಬರೆದಿಟ್ಟು, ಮಧ್ಯದಲ್ಲಿ ಬದಲಿಸದೆ ಮುಂದುವರಿಸಬೇಕು.

ಸುಳ್ಳು ದಾಖಲೆಗಳು

ಗರಿಷ್ಠ–ಕನಿಷ್ಠದ ಲೆಕ್ಕಕ್ಕೆ ಒಂದು ದೌರ್ಬಲ್ಯವಿದೆ. ಸಾವಿರ ಸರಿಯಾದ ಓದುಗಳ ನಡುವೆ ಒಂದೇ ಒಂದು ತಪ್ಪು ಓದು ಬಂದರೂ ದಾಖಲೆಯಾಗಿ ಕೂರುವುದು ಆ ತಪ್ಪು ಓದೇ. ಮಳೆಮಾಪಕವನ್ನು ತೊಳೆಯುವಾಗ ಒಳಗಿನ ತಟ್ಟೆ ಅಲುಗಾಡಿದರೆ ಬಾರದ ಮಳೆ ಬಂದಂತೆ ಎಣಿಕೆಯಾಗುತ್ತದೆ. ಉಷ್ಣಮಾಪಕದ ನೆರಳಿನ ಹೊದಿಕೆ ಕಳಚಿದರೆ ಬಿಸಿಲು ನೇರವಾಗಿ ತಾಗಿ ಉಷ್ಣಾಂಶ ಏರುತ್ತದೆ. ಹಠಾತ್ತಾಗಿ ಜಿಗಿಯುವ ಅಂಕಿಗಳನ್ನು ತಳ್ಳಿಹಾಕುವ ಮಿತಿಯನ್ನು ಕ್ಯುಮ್ಯುಲಸ್‌ನಲ್ಲಿ ಗೊತ್ತುಪಡಿಸಬಹುದು. ಆದರೂ ಮನುಷ್ಯನ ಕಣ್ಣಿನ ಪರಿಶೀಲನೆ ಬೇಕೇ ಬೇಕು.

ಈ ವಿಷಯದಲ್ಲಿ ಪ್ರಪಂಚದ ಅತಿ ದೊಡ್ಡ ಉದಾಹರಣೆ ಲಿಬಿಯಾ ದೇಶದ ಎಲ್ ಅಜೀಜಿಯಾದ್ದು. 1922ರ ಸೆಪ್ಟೆಂಬರ್ 13ರಂದು ಅಲ್ಲಿ 58.0 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿ, ಅದೇ ಭೂಮಿಯ ಗರಿಷ್ಠವೆಂದು ತೊಂಬತ್ತು ವರ್ಷ ನಂಬಲಾಗಿತ್ತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆಯು ಮೂಲ ದಾಖಲೆಯ ಹಾಳೆಯನ್ನು ಪರಿಶೀಲಿಸಿತು. ಅನುಭವವಿಲ್ಲದ ವೀಕ್ಷಕರು ಉಪಕರಣವನ್ನು ತಪ್ಪಾಗಿ ಓದಿರುವ ಸಾಧ್ಯತೆ ಕಂಡುಬಂದು ಆ ದಾಖಲೆಯನ್ನು ರದ್ದುಪಡಿಸಲಾಯಿತು. ಈಗ ಆ ಸ್ಥಾನದಲ್ಲಿರುವುದು 1913ರ ಜುಲೈ 10ರಂದು ಅಮೆರಿಕದ ಡೆತ್ ವ್ಯಾಲಿಯಲ್ಲಿ ದಾಖಲಾದ 56.7 ಡಿಗ್ರಿ. ಮೂಲ ಹಾಳೆ ಉಳಿದಿದ್ದುದರಿಂದಲೇ ಪರಿಶೀಲನೆ ಸಾಧ್ಯವಾಯಿತು. ದಾಖಲೆಯ ಅಂಕಿಯನ್ನು ಮಾತ್ರವಲ್ಲದೆ ಅದು ಹುಟ್ಟಿದ ಮೂಲ ಲೆಕ್ಕವನ್ನೂ ಕಾಯ್ದಿಡಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತಂತ್ರಾಂಶದ ಬ್ಯಾಕಪ್ ಮತ್ತು ಅದರ ಮಿತಿ

ಕ್ಯುಮ್ಯುಲಸ್ ಎಂಎಕ್ಸ್ ತಾನು ಆರಂಭವಾದಾಗ ಒಂದು ಸಲ, ದಿನ ಬದಲಾಗುವಾಗ ಒಂದು ಸಲ ಕಡತಗಳ ಪ್ರತಿಯನ್ನು ‘ಬ್ಯಾಕಪ್’ ಫೋಲ್ಡರ್‌ನಲ್ಲಿ ಇಡುತ್ತದೆ. ಇದು ಒಳ್ಳೆಯ ಏರ್ಪಾಡು. ಆದರೆ ಇದನ್ನೇ ನಂಬಿ ಕೂರಬಾರದು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದಾಗಿ, ಆ ಪ್ರತಿಗಳೂ ಸಾಮಾನ್ಯವಾಗಿ ಅದೇ ಗಣಕಯಂತ್ರದಲ್ಲಿರುತ್ತವೆ. ಬಿತ್ತನೆ ಬೀಜವನ್ನೂ ಊಟದ ರಾಗಿಯನ್ನೂ ಒಂದೇ ಕಣಜದಲ್ಲಿ ಇಟ್ಟರೆ ಹುಳು ಬಿದ್ದಾಗ ಎರಡೂ ಹಾಳಾಗುತ್ತವೆ. ಸಿಡಿಲು ಬಡಿದರೆ ಅಥವಾ ಮೆಮೊರಿ ಕಾರ್ಡ್ ಕೆಟ್ಟರೆ ಮೂಲವೂ ಪ್ರತಿಯೂ ಒಟ್ಟಿಗೆ ಹೋಗುತ್ತವೆ.

ಎರಡನೆಯದಾಗಿ, ತಂತ್ರಾಂಶವು ಇತ್ತೀಚಿನ ಹತ್ತು ಪ್ರತಿಗಳನ್ನು ಮಾತ್ರ ಉಳಿಸಿಕೊಂಡು ಹಳೆಯವನ್ನು ಅಳಿಸುತ್ತದೆ. 5ನೇ ತಾರೀಖು ವಿದ್ಯುತ್ ಹೋಗಿ ಕಡತವೊಂದು ಕೆಟ್ಟಿತು, ಅದು 20ನೇ ತಾರೀಖು ಗಮನಕ್ಕೆ ಬಂತು ಎನ್ನೋಣ. ಅಷ್ಟರಲ್ಲಿ ದಿನದ ಹತ್ತು ಪ್ರತಿಗಳೂ ಕೆಟ್ಟ ಕಡತದ ಪ್ರತಿಗಳೇ ಆಗಿರುತ್ತವೆ. ಪ್ರತಿ ಎಷ್ಟಿವೆ ಎಂಬುದಕ್ಕಿಂತ ತಪ್ಪನ್ನು ಎಷ್ಟು ಬೇಗ ಕಂಡುಹಿಡಿದೆವು ಎಂಬುದು ಮುಖ್ಯ.

ಪ್ರತಿ ತಿಂಗಳ ಮೊದಲ ದಿನ ಮಾಡಬೇಕಾದ ಕೆಲಸಗಳು

1. ಹಿಂದಿನ ತಿಂಗಳ ಗರಿಷ್ಠ–ಕನಿಷ್ಠಗಳನ್ನು ತೆರೆದು ಓದಿ. ನಂಬಲಾಗದ ಅಂಕಿ ಇದ್ದರೆ ಅದೇ ದಿನ, ಅದೇ ವೇಳೆಯ ಲಾಗ್ ಸಾಲುಗಳೊಡನೆ ಹೋಲಿಸಿ. ಹತ್ತಿರದ ಸರ್ಕಾರಿ ಮಳೆಮಾಪಕದ ಅಂಕಿಯನ್ನೂ ನೋಡಿ.

2. ತಿದ್ದುವ ಮೊದಲು ಕಡತದ ಪ್ರತಿ ತೆಗೆಯಿರಿ. ಏನು ತಿದ್ದಿದಿರಿ, ಏಕೆ ತಿದ್ದಿದಿರಿ ಎಂಬುದನ್ನು ಬರೆದಿಡಿ.

3. ತಂತ್ರಾಂಶವನ್ನು ಕ್ರಮವಾಗಿ ನಿಲ್ಲಿಸಿ, ಇಡೀ ಡೇಟಾ ಫೋಲ್ಡರ್ ಅಥವಾ ದತ್ತಸಂಚಯವನ್ನು ಪೆನ್ ಡ್ರೈವ್‌ಗೆ ನಕಲು ಮಾಡಿ. ಬರೆಯುತ್ತಿರುವಾಗಲೇ ನಕಲು ಮಾಡಿದರೆ ಅರ್ಧ ಬರೆದ ಕಡತ ಸಿಗಬಹುದು. ಮುಗಿದ ಮೇಲೆ ತಂತ್ರಾಂಶವನ್ನು ಮತ್ತೆ ಆರಂಭಿಸಲು ಮರೆಯಬೇಡಿ.

4. ಫೋಲ್ಡರ್‌ಗೆ ವರ್ಷ ಮತ್ತು ತಿಂಗಳ ಹೆಸರು ಕೊಡಿ. ಹಿಂದಿನ ತಿಂಗಳ ಪ್ರತಿಯ ಮೇಲೆ ಹೊಸದನ್ನು ಬರೆಯಬೇಡಿ.

5. ಪೆನ್ ಡ್ರೈವನ್ನು ಗಣಕಯಂತ್ರಕ್ಕೆ ಸಿಕ್ಕಿಸಿಯೇ ಬಿಡದೆ ಬೇರೆ ಜಾಗದಲ್ಲಿಡಿ. ಇನ್ನೊಂದು ಪ್ರತಿಯನ್ನು ಇಮೇಲ್ ಮೂಲಕ ಮಗನಿಗೋ ಮಗಳಿಗೋ ಕಳುಹಿಸಿದರೆ ಇನ್ನೂ ಕ್ಷೇಮ.

6. ಪ್ರತಿಯನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು ನೋಡಿ. ತೆರೆದು ಪರೀಕ್ಷಿಸದ ಪ್ರತಿ, ಮೊಳಕೆ ಪರೀಕ್ಷೆ ಮಾಡದ ಬೀಜದಂತೆ.

7. ತಿಂಗಳ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ಒಂದು ದಿನದ ಹಾಗೂ ಒಂದು ಗಂಟೆಯ ಅತಿ ಹೆಚ್ಚು ಮಳೆ, ಅತಿ ಬಿರುಸಿನ ಗಾಳಿ ಇವುಗಳನ್ನು ತಾರೀಖು, ವೇಳೆ ಸಹಿತ ಕಾಗದದ ಪುಸ್ತಕದಲ್ಲಿ ಬರೆಯಿರಿ. ವರ್ಷಕ್ಕೆ ಹನ್ನೆರಡು ಸಾಲುಗಳಾದರೆ ಸಾಕು.

ಇದರಿಂದಾಗುವ ಪ್ರಯೋಜನ

ಹವಾಮಾನ ಆಧಾರಿತ ಬೆಳೆ ವಿಮೆಯ ಪರಿಹಾರವನ್ನು ಅದಕ್ಕಾಗಿ ಗೊತ್ತುಪಡಿಸಿದ ಕೇಂದ್ರದ ಅಂಕಿಗಳ ಮೇಲೆ ಲೆಕ್ಕ ಹಾಕುತ್ತಾರೆ. ತೋಟದ ಸ್ವಂತ ಯಂತ್ರದ ದಾಖಲೆ ಅದಕ್ಕೆ ಬದಲಿಯಾಗದು ಎಂಬುದನ್ನು ರೈತರು ತಿಳಿದಿರಬೇಕು. ಆದರೆ ತೋಟದೊಳಗಿನ ತೀರ್ಮಾನಗಳಿಗೆ ಅದರಷ್ಟು ಹತ್ತಿರದ ಸಾಕ್ಷಿ ಬೇರೆ ಇಲ್ಲ. ಬಸಿಗಾಲುವೆ ಎಷ್ಟು ಅಗಲವಿರಬೇಕು ಎಂಬುದನ್ನು ಸರಾಸರಿ ಮಳೆ ಹೇಳುವುದಿಲ್ಲ. ಒಂದು ಗಂಟೆಯಲ್ಲಿ ಸುರಿದ ಅತಿ ಹೆಚ್ಚು ಮಳೆ ಹೇಳುತ್ತದೆ. ಬಾಳೆಗೆ ಯಾವ ತಿಂಗಳ ಮೊದಲು ಊರುಗೋಲು ಕೊಡಬೇಕು ಎಂಬುದನ್ನು ಗಾಳಿಯ ಗರಿಷ್ಠ ತಿಳಿಸುತ್ತದೆ. ಕಾಫಿ ಬೆಳೆಗಾರನಿಗೆ ಹೂಮಳೆ ಯಾವ ವಾರ ಎಷ್ಟು ಬಿತ್ತು ಎಂಬ ಹಲವು ವರ್ಷಗಳ ಲೆಕ್ಕ, ತುಂತುರು ನೀರಾವರಿಯನ್ನು ಯಾವಾಗ ಸಿದ್ಧವಿಡಬೇಕೆಂದು ತಿಳಿಸುತ್ತದೆ.

ವಿಸ್ತರಣಾ ಕಾರ್ಯಕರ್ತರು ಹವಾಮಾನ ಯಂತ್ರವಿರುವ ತೋಟಗಳಿಗೆ ಭೇಟಿ ಕೊಟ್ಟಾಗ ಬ್ಯಾಕಪ್ ಪ್ರತಿ ಎಲ್ಲಿದೆ, ಕೊನೆಯ ಬಾರಿ ತೆಗೆದದ್ದು ಯಾವಾಗ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಯಂತ್ರ ಕೆಟ್ಟರೆ ಹಣ ಕೊಟ್ಟು ಇನ್ನೊಂದನ್ನು ತರಬಹುದು. ಕಳೆದ ವರ್ಷಗಳ ಮಳೆ, ಬಿಸಿಲು, ಗಾಳಿಯ ಲೆಕ್ಕ ಹೋದರೆ ಅದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಆದ್ದರಿಂದ ರೈತ ಬಾಂಧವರು ಬರುವ ತಿಂಗಳ ಮೊದಲ ದಿನದಿಂದಲೇ ಈ ಕ್ರಮವನ್ನು ಆರಂಭಿಸುವುದು ಒಳ್ಳೆಯದು.